ಬಿಸಿ ರೊಟ್ಟಿ ಯಾರ ಪಾಲಿಗೆ?

ಪ್ರಿಯ ಸಹೋದರಿ, ನಿಮ್ಮ ಮನೆಯಲ್ಲಿ ಎಲ್ಲರಿಗಿಂತ ಕೊನೆಗೆ ಊಟಕ್ಕೆ ಕುಳಿತುಕೊಳ್ಳುವವರು ಯಾರು? ಉತ್ತರ ಹೇಳಲು ನೀವು ಹೆಚ್ಚು ಯೋಚಿಸಬೇಕಾಗಿಲ್ಲ. ನಾನಂತೂ ಆ ಬಗ್ಗೆ ಯೋಚಿಸಿಯೇ ಇರಲಿಲ್ಲ. ಮದ್ರಸದಲ್ಲಿ ಕಲಿತವಳು, ಆಮೇಲೆ ಬಿ.ಎ. ಮುಗಿಸಿದವಳು, ಇಪ್ಪತ್ತು ವರ್ಷಗಳಿಂದ ಮಕ್ಕಳಿಗೆ ಪಾಠ ಹೇಳುತ್ತಿರುವವಳು ನಾನು. ಆದರೂ ಈ ಪಾಠವನ್ನು ನನಗೆ ಕಲಿಸಿದ್ದು ನನ್ನ ತಮ್ಮನ ಹೆಂಡತಿ. ಅದೂ ದೂರಿನ ಒಂದು ಮಾತನ್ನೂ ಆಡದೆ.

ಕಳೆದ ವರ್ಷ ಆರು ದಿನಗಳ ಶಿಕ್ಷಕರ ತರಬೇತಿಗೆಂದು ಶಿವಮೊಗ್ಗದಿಂದ ಮೈಸೂರಿಗೆ ಹೋಗಿದ್ದೆ. ತಮ್ಮನ ಮನೆಯಲ್ಲೇ ಉಳಿದುಕೊಂಡೆ. ಅವನಿಗೆ ಖಾಸಗಿ ಕಂಪೆನಿಯಲ್ಲಿ ಕೆಲಸ. ಅವನ ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ. ಯುಕೆಜಿಗೆ ಹೋಗುವ ಮಗಳು ಮುನ್ನಿ, ಒಂದೂವರೆ ವರ್ಷದ ಗಂಡು ಮಗು. ಚಿಕ್ಕ ಬಾಡಿಗೆ ಮನೆ, ಹಳೆಯದೊಂದು ಕಾರು.

ನಾನು ಹೋದದ್ದು ಶನಿವಾರ. ಪ್ರತಿ ಶನಿವಾರ ರಾತ್ರಿ ಅವರು ಹೊಟೇಲಿಗೆ ಹೋಗುವ ರೂಢಿಯಂತೆ. ಮುನ್ನಿ ಈದ್‌ನ ಫ್ರಾಕ್ ಹಾಕಿ, ಶೂ ತೊಟ್ಟು ಬಾಗಿಲಲ್ಲಿ ನಿಂತಿದ್ದಳು. ದುಲ್ಹನ್ ಬುರ್ಖಾ ಧರಿಸಿ ಮಗುವನ್ನು ಎತ್ತಿಕೊಂಡಿದ್ದಳು. "ಆಪಾ, ನೀವೂ ಬನ್ನಿ" ಎಂದ ತಮ್ಮ. ನನಗೆ ಅದೇಕೋ ಹಿಡಿಸಲಿಲ್ಲ.

"ಮನೆಯಲ್ಲಿ ಒಲೆ ಇಲ್ಲವೇ? ವಾರ ವಾರ ಹೊಟೇಲಿಗೆ ಸುರಿಯುವಷ್ಟು ಹಣ ಹೆಚ್ಚಾಗಿದೆಯೇ? ನಮ್ಮ ಅಮ್ಮಿ ಒಂದು ದಿನವಾದರೂ ಹೊಟೇಲಿನಲ್ಲಿ ಕುಳಿತು ತಿಂದದ್ದುಂಟೇ?" ಎಂದುಬಿಟ್ಟೆ.

ತಮ್ಮ ಮರುಮಾತಾಡಲಿಲ್ಲ. ದುಲ್ಹನ್ ಬುರ್ಖಾ ಕಳಚಿ ಗೂಟಕ್ಕೆ ನೇತುಹಾಕಿದಳು. ಗಂಟೆ ಎಂಟೂವರೆ. ಅಡುಗೆಮನೆಯಲ್ಲಿ ಒಲೆ ಹೊತ್ತಿತು. ಮುನ್ನಿ ಶೂ ಬಿಚ್ಚದೆಯೇ ಸೋಫಾದ ಮೇಲೆ ನಿದ್ದೆಹೋದಳು. ನಾನು ದುಂದುವೆಚ್ಚವೊಂದನ್ನು ತಡೆದೆನೆಂಬ ಸಮಾಧಾನದಲ್ಲಿ ಇಶಾ ನಮಾಝ್ ಮಾಡಿ ಊಟಕ್ಕೆ ಕುಳಿತೆ.

ಮರುದಿನ ಶ್ರೀರಂಗಪಟ್ಟಣಕ್ಕೆ ಹೊರಟೆವು. ನನ್ನ ಮಾತಿನ ಪರಿಣಾಮವಾಗಿ ಹೊರಗಿನ ಊಟದ ಪ್ರಶ್ನೆಯೇ ಇರಲಿಲ್ಲ. ದುಲ್ಹನ್ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಖುಷ್ಕಾ, ಕೋಳಿ ಫ್ರೈ, ಬೇಯಿಸಿದ ಮೊಟ್ಟೆ, ಮಗುವಿಗೆ ಗಂಜಿ ಎಲ್ಲವನ್ನೂ ಡಬ್ಬಿಗಳಿಗೆ ತುಂಬಿದ್ದಳು. ದರಿಯಾ ದೌಲತ್ ನೋಡಿಕೊಂಡು ಗುಂಬಝ್‌ಗೆ ಬಂದೆವು. ಮಿರುಗುವ ಕಪ್ಪು ಕಲ್ಲಿನ ಕಂಬಗಳು, ಒಳಗೋಡೆಯ ಮೇಲೆ ಹುಲಿಪಟ್ಟೆ. ನಾನು ಮುನ್ನಿಯ ಕೈ ಹಿಡಿದು ಹೇಳುತ್ತಾ ಹೋದೆ: "1782ರಲ್ಲಿ ಹೈದರ್ ಅಲಿ ತೀರಿಕೊಂಡ ಮೇಲೆ ಮಗ ಟಿಪ್ಪು ಸುಲ್ತಾನ್ ಇದನ್ನು ಕಟ್ಟಿಸಿದರು. ತಾಯಿ ಫಖ್ರುನ್ನಿಸಾ ಅವರೂ ಇಲ್ಲಿದ್ದಾರೆ. 1799ರಲ್ಲಿ ಯುದ್ಧದಲ್ಲಿ ಹುತಾತ್ಮರಾದ ಟಿಪ್ಪುವನ್ನೂ ತಂದೆ ತಾಯಿಯ ಬಳಿಯೇ ದಫನ ಮಾಡಿದರು."

ಮುನ್ನಿ ಸುತ್ತಲೂ ನೋಡಿ ಕೇಳಿದಳು: "ಫುಪ್ಪು, ನಮ್ಮ ಅಮ್ಮಿ ಎಲ್ಲಿ?"

ಅವಳ ಅಮ್ಮಿ ಹೊರಗೆ ಮರದ ನೆರಳಲ್ಲಿ, ಊಟದ ಚೀಲಗಳ ನಡುವೆ, ಅಳುವ ಮಗುವನ್ನು ತಟ್ಟುತ್ತಾ ಕುಳಿತಿದ್ದಳು. ಅಂದು ಅವಳು ಒಳಗೆ ಬರಲೇ ಇಲ್ಲ. ಸುಲ್ತಾನರ ತಾಯಿಯ ಸಮಾಧಿ ತೋರಿಸುತ್ತಿದ್ದ ನನಗೆ, ಈ ಮಗುವಿನ ತಾಯಿ ಎಲ್ಲಿದ್ದಾಳೆಂದು ಕೇಳುವುದು ಹೊಳೆದಿರಲಿಲ್ಲ.

ಸಂಗಮದ ಬಳಿ ಚಾಪೆ ಹಾಸಿದೆವು. ದುಲ್ಹನ್ ಎಲ್ಲರಿಗೂ ಬಡಿಸಿದಳು, ಮಗುವಿಗೆ ಉಣಿಸಿದಳು, ಮುನ್ನಿಯ ಕೈ ತೊಳೆಸಿದಳು. ತಾನು ತಟ್ಟೆ ಹಿಡಿಯುವ ಹೊತ್ತಿಗೆ ನಾವೆಲ್ಲ ಎದ್ದು ನದಿಯ ಕಡೆ ನಡೆದಿದ್ದೆವು. ಸಂಜೆ ಮನೆಗೆ ಮರಳಿ ನಾವು ಚಹಾ ಕುಡಿಯುತ್ತಿದ್ದಾಗ ಒಳಗಿನಿಂದ ಡಬ್ಬಿ ತೊಳೆಯುವ ಸದ್ದು ಕೇಳುತ್ತಿತ್ತು. ಪ್ರವಾಸ ನಮ್ಮದಾಗಿತ್ತು. ಅವಳ ಅಡುಗೆಮನೆ ಮಾತ್ರ ಜಾಗ ಬದಲಾಯಿಸಿತ್ತು, ಅಷ್ಟೇ.

ಅಂದಿನಿಂದ ನನ್ನ ಕಣ್ಣು ತೆರೆಯತೊಡಗಿತು. ಹದಿನೈದು ದಿನಕ್ಕಿಂತ ಕಡಿಮೆ ತಂಗುವವಳಾದ್ದರಿಂದ ನಾನು ಅಲ್ಲಿ ಮುಸಾಫಿರ್ ಆಗಿದ್ದೆ. ನಾಲ್ಕು ರಕಅತ್‌ಗಳ ಫರ್ಝ್ ನಮಾಝನ್ನು ಎರಡೇ ರಕಅತ್ ಮಾಡುತ್ತಿದ್ದೆ. ಪ್ರಯಾಣಿಕರ ಆಯಾಸ ಅರಿತು ಅಲ್ಲಾಹನು ಕೊಟ್ಟ ರಿಯಾಯಿತಿ ಅದು. ಆದರೆ ನಾನು ಬಂದದ್ದರಿಂದ ದುಲ್ಹನ್‌ಳ ರೊಟ್ಟಿಗಳು ಹೆಚ್ಚಾಗಿದ್ದವು. ನನಗೆ ಸಿಕ್ಕ ರಿಯಾಯಿತಿಯಲ್ಲಿ ಅವಳಿಗೊಂದು ಪಾಲು ಕೊಡಬೇಕೆಂದು ನನಗೇಕೆ ತೋಚಲಿಲ್ಲ?

ಗುರುವಾರ ರಾತ್ರಿ ಹತ್ತೂವರೆಗೆ ನೀರು ಕುಡಿಯಲೆಂದು ಎದ್ದೆ. ದುಲ್ಹನ್ ಅಡುಗೆಮನೆಯ ಕಟ್ಟೆಗೆ ಒರಗಿ ನಿಂತೇ ಊಟ ಮಾಡುತ್ತಿದ್ದಳು. ತಣ್ಣಗಾದ ರೊಟ್ಟಿ, ಪಾತ್ರೆಯ ತಳದಲ್ಲಿ ಉಳಿದ ಖಟ್ಟಾ ಸಾಲನ್.

"ಬಿಸಿ ಮಾಡಿಕೊಳ್ಳಬಾರದೇ?" ಎಂದೆ.

"ಅಭ್ಯಾಸವಾಗಿದೆ ಆಪಾ" ಎಂದು ನಕ್ಕಳು.

ನನ್ನ ಎದೆ ಧಸಕ್ಕೆಂದಿತು. ಇದೇ ಮಾತನ್ನು ನಮ್ಮ ಅಮ್ಮಿಯ ಬಾಯಲ್ಲಿ ಎಷ್ಟು ಸಲ ಕೇಳಿದ್ದೆ! ಸಂಬಳದ ದಿನ ಅಬ್ಬಾ ಹೊಟೇಲಿನಿಂದ ಎಲೆಯಲ್ಲಿ ಕಟ್ಟಿದ ಬಿರಿಯಾನಿ ತರುತ್ತಿದ್ದರು. ನಾವು ಮಕ್ಕಳು ಮುಗಿಬಿದ್ದು ತಿಂದ ಮೇಲೆ ಅಮ್ಮಿ ರೊಟ್ಟಿಯ ತುಂಡಿನಿಂದ ಆ ಎಲೆಯನ್ನು ಒರೆಸಿ ತಿನ್ನುತ್ತಿದ್ದರು. ಅಮ್ಮಿಗೆ ಹೊಟೇಲಿನ ಊಟ ಇಷ್ಟವಿಲ್ಲ ಎಂದೇ ನಾವು ನಂಬಿದ್ದೆವು. ನಿಜವಾಗಿ ನಾವು ಕೇಳಿಯೇ ಇರಲಿಲ್ಲ. ಈಗ ಕೇಳೋಣವೆಂದರೆ ಅಮ್ಮಿ ಇಲ್ಲ. ಅಂಥ ಅಮ್ಮಿಯ ಹೆಸರು ಹೇಳಿ ನಾನು ಇನ್ನೊಬ್ಬ ತಾಯಿಯನ್ನು ಒಲೆಯ ಮುಂದೆ ನಿಲ್ಲಿಸಿದ್ದೆ.

ಆ ರಾತ್ರಿ ಸಹೀಹ್ ಮುಸ್ಲಿಮ್‌ನಲ್ಲಿ ಹ. ಅನಸ್(ರ) ವರದಿ ಮಾಡಿರುವ ಘಟನೆ ನೆನಪಾಯಿತು. ಪ್ರವಾದಿವರ್ಯರ(ಸ) ನೆರೆಯವರೊಬ್ಬರು ಪರ್ಷಿಯಾ ಮೂಲದವರು, ರುಚಿಯಾದ ಸಾರು ಮಾಡುವುದರಲ್ಲಿ ನಿಪುಣರು. ಒಮ್ಮೆ ಅವರು ಪ್ರವಾದಿಯವರನ್ನು(ಸ) ಊಟಕ್ಕೆ ಕರೆದರು. ಹ. ಆಯಿಶಾರನ್ನು(ರ) ತೋರಿಸಿ, ಇವರಿಗೂ ಆಹ್ವಾನವಿದೆಯೇ ಎಂದು ಪ್ರವಾದಿವರ್ಯರು(ಸ) ಕೇಳಿದರು. ಇಲ್ಲ ಎಂದಾಗ ತಾವೂ ಬರಲೊಪ್ಪಲಿಲ್ಲ. ಎರಡನೆಯ ಸಲವೂ ಹಾಗೆಯೇ ಆಯಿತು. ಮೂರನೆಯ ಸಲ ಆ ವ್ಯಕ್ತಿ ಒಪ್ಪಿದ ಮೇಲೆಯೇ ಇಬ್ಬರೂ ಎದ್ದು ಜೊತೆಯಾಗಿ ಹೋದರು. ಈ ಹದೀಸನ್ನು ನಾನು ಎಷ್ಟೋ ಹೆಣ್ಣುಮಕ್ಕಳಿಗೆ ಪಾಠ ಮಾಡಿದ್ದೇನೆ. ಓದಿದ್ದು ನಾಲಿಗೆಯ ಮೇಲೇ ಉಳಿದಿತ್ತು.

ಶನಿವಾರ ತರಬೇತಿ ಮುಗಿಸಿ ಬಂದವಳೇ, "ದುಲ್ಹನ್, ಬುರ್ಖಾ ಹಾಕಿಕೋ. ಇವತ್ತಿನ ಬಿಲ್ಲು ನನ್ನದು" ಎಂದೆ. ಅವಳು ನಂಬದೆ ಗಂಡನ ಮುಖ ನೋಡಿದಳು. ಮುನ್ನಿ ಮಾತ್ರ ಆಗಲೇ ಶೂ ಹುಡುಕುತ್ತಿದ್ದಳು.

ಮಂಡಿ ಮೊಹಲ್ಲಾದ ಸಣ್ಣ ಹೊಟೇಲು. ಪರದೆ ಹಾಕಿದ ಫ್ಯಾಮಿಲಿ ರೂಮ್. ಮಗುವನ್ನು ತಮ್ಮ ತನ್ನ ತೊಡೆಯ ಮೇಲೆ ಕೂರಿಸಿಕೊಂಡ. ಮುನ್ನಿಗೆ ನಾನು ತುತ್ತು ಮಾಡಿ ಕೊಟ್ಟೆ. ಹುಡುಗ ರುಮಾಲಿ ರೋಟಿ ಮತ್ತು ಕಬಾಬ್ ತಂದು ದುಲ್ಹನ್‌ಳ ಮುಂದಿಟ್ಟ. ಅವಳು ಬೆರಳು ಸುಡುತ್ತಿದ್ದರೂ ಮುರಿದು ಬಾಯಿಗಿಟ್ಟಳು. ಸ್ವಲ್ಪ ಹೊತ್ತಿನ ಮೇಲೆ ಮೆಲ್ಲನೆ ಹೇಳಿದಳು: "ಬಿಸಿಯಾಗಿರುವಾಗ ರುಚಿಯೇ ಬೇರೆ, ಅಲ್ಲವೇ ಆಪಾ?"

ಎಂಟು ದಿನಗಳಲ್ಲಿ ಅವಳು ಎದ್ದು ಓಡದೆ, ಕುಳಿತೇ ಮುಗಿಸಿದ ಮೊದಲ ಊಟವನ್ನು ನಾನು ನೋಡಿದ್ದು ಅಂದು. ಮರಳಿ ಬರುವಾಗ ಕಾರಿನಲ್ಲಿ ಅವಳ ಕೈ ಹಿಡಿದು, "ಅಂದು ಹೇಳಿದ ಮಾತಿಗೆ ನನ್ನನ್ನು ಮಾಫ್ ಮಾಡು" ಎಂದೆ. ಅವಳು ಉತ್ತರಿಸಲಿಲ್ಲ. ಕೈಯನ್ನೂ ಬಿಡಿಸಿಕೊಳ್ಳಲಿಲ್ಲ.

ಸಹೋದರಿಯರೇ, ಹೊಟೇಲಿಗೆ ಹೋಗಿ ಎಂದು ಹೇಳಲು ನಾನಿದನ್ನು ಬರೆಯುತ್ತಿಲ್ಲ. ಅರ್ಧ ತಿಂದು ತಟ್ಟೆ ಬಿಟ್ಟು ಏಳುವವರನ್ನೂ, ಗಂಡ ಹೆಂಡತಿ ಮಕ್ಕಳು ತಲಾ ಒಂದು ಮೊಬೈಲ್ ಹಿಡಿದು ಮೌನವಾಗಿ ಉಣ್ಣುವವರನ್ನೂ ನಾನು ಅಲ್ಲಿ ಕಂಡೆ. ತಿನ್ನಿರಿ, ಕುಡಿಯಿರಿ, ಆದರೆ ಮಿತಿಮೀರಬೇಡಿ ಎಂಬ ಕುರ್‌ಆನ್‌ನ ಆದೇಶ ನಮಗೆ ಗೊತ್ತೇ ಇದೆ. ಸಾಲ ಮಾಡಿ ಸುತ್ತಾಡುವುದು ಜಾಣತನವಲ್ಲ. ಆದರೆ ಖರ್ಚು ಉಳಿಸುವ ಭಾರವೆಲ್ಲ ಒಬ್ಬಳ ಬೆನ್ನ ಮೇಲೆಯೇ ಬೀಳಬೇಕೇ? ಪ್ರವಾದಿವರ್ಯರು(ಸ) ಮನೆಯಲ್ಲಿದ್ದಾಗ ಮನೆಗೆಲಸಗಳಲ್ಲಿ ನೆರವಾಗುತ್ತಿದ್ದರು ಎಂದು ಹ. ಆಯಿಶಾ(ರ) ಹೇಳಿದ್ದಾರೆ. ಪ್ರವಾಸದಲ್ಲಿ ಮಗುವನ್ನು ಸರದಿಯಂತೆ ಎತ್ತಿಕೊಳ್ಳಲು, ಬಡಿಸಿದವಳು ಕೂರುವವರೆಗೆ ಕಾಯಲು, ತಿಂದ ಡಬ್ಬಿ ತೊಳೆಯಲು ಹಣ ಬೇಕಾಗಿಲ್ಲ.

ಈಗ ತಮ್ಮನ ಮನೆಯಲ್ಲಿ ತಿಂಗಳಿಗೆ ಎರಡು ಶನಿವಾರ ಹೊಟೇಲು. ಉಳಿದೆರಡು ಶನಿವಾರ ಅವನೇ ರೊಟ್ಟಿ ಬೇಯಿಸುತ್ತಾನೆ. ಒಂದೂ ದುಂಡಗಿರುವುದಿಲ್ಲವಂತೆ. "ಆದರೂ ಬಿಸಿಯಾಗಿರುತ್ತದೆ ಆಪಾ" ಎಂದು ದುಲ್ಹನ್ ಫೋನಿನಲ್ಲಿ ಹೇಳುತ್ತಿದ್ದಳು.

ಇಂದು ರಾತ್ರಿ ನಿಮ್ಮ ಮನೆಯಲ್ಲಿ ದಸ್ತರ್‌ಖಾನ್ ಹಾಸುವಾಗ ಒಂದು ಕ್ಷಣ ಕಣ್ಣಾಡಿಸಿ. ಯಾರ ಜಾಗ ಇನ್ನೂ ಖಾಲಿ ಇದೆ? ತಾಯಿಯೋ, ಸೊಸೆಯೋ, ನಾದಿನಿಯೋ, ಯಾರೇ ಇರಲಿ, ಕೂಗಿ ಕರೆಯಿರಿ. ಅವರು ಬಂದು ಕುಳಿತ ಮೇಲೆ ಎಲ್ಲರೂ ಜೊತೆಯಾಗಿ ಬಿಸ್ಮಿಲ್ಲಾಹ್ ಹೇಳೋಣ.