ಬಲೀಂದ್ರನ ಎಲೆಗೆ ಸಬರಸ್ ಉಪ್ಪು

ಬೆಳಕು ಹರಿಯುವ ಮೊದಲೇ ಬೀದಿಯಲ್ಲಿ "ಸಬರಸ್... ಸಬರಸ್..." ಎಂದು ಹುಡುಗರು ಕೂಗಿಕೊಂಡು ಹೋದರೆ ವಡೋದರದ ಗೋರ್ವಾದಲ್ಲಿ ಹೊಸ ವರ್ಷ ಹುಟ್ಟಿತೆಂದು ಲೆಕ್ಕ. ಅವರ ಚೀಲದಲ್ಲಿರುವುದು ಕಲ್ಲುಪ್ಪು. ದೀಪಾವಳಿ ಅಮಾವಾಸ್ಯೆ ಕಳೆದ ಪಾಡ್ಯ ಇಲ್ಲಿ ಬೇಸ್ತು ವರಸ್; ಆ ದಿನದ ಮೊದಲ ಖರೀದಿ ಉಪ್ಪು. ಎಲ್ಲ ರಸವೂ ಅದರೊಳಗೇ ಇದೆ ಎಂದು ಸಬರಸ್ ಎಂಬ ಹೆಸರು. 2025ರ ಅಕ್ಟೋಬರ್ 22ರಂದು ವಿಕ್ರಮ ಸಂವತ್ 2082 ನಮ್ಮ ಮನೆಗೆ ಬಂದದ್ದೂ ಹೀಗೇ, ಮಗಳ ಬೊಗಸೆಯಲ್ಲಿ.

ಅಂಗಡಿಯಲ್ಲಿ ಉಪ್ಪು ಕೇಳಬೇಕಾದರೆ ಮಾತ್ರ "ಮೀಠುಂ" ಅನ್ನಬೇಕು. ಸಿಹಿಗೂ ಅದೇ ಮಾತು. ವಡೋದರಕ್ಕೆ ಬಂದ ಹೊಸದರಲ್ಲಿ ಈ ಪದ ಕೇಳಿ ನಿಂತೇಬಿಟ್ಟಿದ್ದೆ. ದೇಶದ ಉಪ್ಪಿನಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಬೆಳೆಯುವ ಗುಜರಾತಿನ ಜನ ಅದನ್ನು ಸಿಹಿಯೆಂದು ಕರೆಯುವುದು ನನಗೆ ಇವತ್ತಿಗೂ ಬಹಳ ಇಷ್ಟ.

ನಾನು ಕಾಸರಗೋಡಿನವಳು. ಶಾಲೆಗೆ ಕನ್ನಡ, ಗದ್ದೆಗೆ ತುಳು, ಪೇಟೆಗೆ ಮಲಯಾಳ ಎಂದು ಬೆಳೆದವಳು. ನಮ್ಮಲ್ಲಿ ಬಲಿ ಚಕ್ರವರ್ತಿ ವರ್ಷಕ್ಕೆ ಎರಡು ಸಲ ಬರುತ್ತಾನೆ: ಓಣಂಗೆ ಮಾವೇಲಿಯಾಗಿ, ದೀಪಾವಳಿಗೆ ಬಲೀಂದ್ರನಾಗಿ. ಅಂಗಳದಲ್ಲಿ ಹಾಲೆಮರದ ಗೆಲ್ಲು ನೆಟ್ಟು, ಕಾಡುಹೂ ಸಿಕ್ಕಿಸಿ, ತುದಿಯಲ್ಲಿ ದೀಪ ಇಡುತ್ತಿದ್ದರು. ಮುಸ್ಸಂಜೆಗೆ ಅಜ್ಜ ಗದ್ದೆಯ ಹುಣಿಯಲ್ಲಿ ಎಲೆ ಹಾಸಿ ಅವಲಕ್ಕಿ ಬಡಿಸಿ, ಬಾಯಿಗೆ ಕೈ ಅಡ್ಡ ಹಿಡಿದು ಮೂರು ಸಲ "ಕೂ" ಹಾಕುತ್ತಿದ್ದರು. ಆಚೆ ಗದ್ದೆಯಿಂದ ಇನ್ನೊಂದು ಕೂ, ಅದರಾಚೆಯಿಂದ ಮತ್ತೊಂದು. ಆ ಕತ್ತಲಲ್ಲಿ ಬಲೀಂದ್ರ ನಿಜವಾಗಿ ನಡೆದು ಬರುತ್ತಿದ್ದಾನೆ ಎಂದು ನಾನು ಅಜ್ಜನ ಪಂಚೆ ಹಿಡಿದು ನಿಲ್ಲುತ್ತಿದ್ದೆ. ಅವನು ಕಳಕೊಂಡ ರಾಜ್ಯ ಪೂರ್ತಿ ಕೈಗೆ ಬರುವುದು ಯಾವಾಗ ಎಂದು ಕೇಳಿದರೆ ತುಳುನಾಡಿನ ಹಿರಿಯರು ಹೇಳುವ ಗಡುವುಗಳಲ್ಲಿ ಒಂದು, ಉಪ್ಪು ಕರ್ಪೂರವಾದ ದಿನ.

ಗೋರ್ವಾದ ದೀಪಾವಳಿಯಲ್ಲಿ ಬಲಿಯ ಸುದ್ದಿಯೇ ಇಲ್ಲ. ಕಾಳಿ ಚೌದಸ್, ಅಂದರೆ ಚತುರ್ದಶಿಯ ಸಂಜೆ ಪಕ್ಕದ ಮನೆಯ ಅಕ್ಕ ವಡೆ ಹಿಡಿದು ನಾಲ್ಕು ರಸ್ತೆ ಸೇರುವಲ್ಲಿಗೆ ಹೋಗಿ, ಸುತ್ತ ನೀರು ಎರೆದು, ವರ್ಷದ ಜಗಳ ಕಿರಿಕಿರಿಯನ್ನೆಲ್ಲ ಅಲ್ಲೇ ಬಿಟ್ಟು ಹಿಂತಿರುಗಿ ನೋಡದೆ ಬರುತ್ತಾರೆ. ಮರುದಿನ ಅಂಗಡಿಗಳಲ್ಲಿ ಚೋಪಡಾ ಪೂಜೆ, ಹೊಸ ಲೆಕ್ಕದ ಪುಸ್ತಕಕ್ಕೆ ಶುಭ-ಲಾಭ. ಪಾಡ್ಯಕ್ಕೆ ಮನೆಮನೆಯಲ್ಲಿ ಮಠಿಯಾ, ಘೂಘರಾ, "ಸಾಲ್ ಮುಬಾರಕ್".

ಆದರೆ ಬಲಿ ಸೋತದ್ದು ಇದೇ ನೆಲದಲ್ಲಿ! ಭಾಗವತದ ಎಂಟನೆಯ ಸ್ಕಂಧದ ಪ್ರಕಾರ ವಾಮನ ಬಂದಾಗ ಅವನ ಅಶ್ವಮೇಧ ನಡೆಯುತ್ತಿದ್ದದ್ದು ನರ್ಮದೆಯ ಉತ್ತರ ದಡದ ಭೃಗುಕಚ್ಛದಲ್ಲಿ. ಅದೇ ಇಂದಿನ ಭರೂಚ್, ನಮ್ಮಿಂದ ಸುಮಾರು 70 ಕಿಲೋಮೀಟರ್. ಇದನ್ನು ತಿಳಿದ ದಿನ ಅಮ್ಮನಿಗೆ ಫೋನ್ ಮಾಡಿದೆ. ಸ್ವಲ್ಪ ಹೊತ್ತು ಅಮ್ಮ ಮಾತಾಡಲಿಲ್ಲ. ಆಮೇಲೆ ತುಳುವಿನಲ್ಲಿ ಹೇಳಿದರು, ಹಾಗಾದರೆ ನೀನು ಅಲ್ಲಿಂದಲೇ ಕೂ ಹಾಕು, ಅವನಿಗೆ ಹತ್ತಿರ ಆಗುತ್ತದೆ ಎಂದು.

ಅಂದಿನಿಂದ ಹಾಕುತ್ತೇನೆ. ಇಲ್ಲಿ ಸಪ್ತಪರ್ಣಿ ಎನ್ನುವುದು ನಮ್ಮ ಹಾಲೆಮರವೇ. ದೀಪಾವಳಿ ಹೊತ್ತಿಗೆ ಅದರ ಹೂವಿನ ಘಾಟು ಬೀದಿಯಿಡೀ. ಪಾಡ್ಯದ ಸಂಜೆ ಒಂದು ಗೆಲ್ಲು ತಂದು ಟೆರೇಸಿನ ಕುಂಡದಲ್ಲಿ ಊರಿ, ದೀಪ ಹಚ್ಚಿ, ಎಲೆಯಲ್ಲಿ ಅವಲಕ್ಕಿ ಇಟ್ಟೆ. ಗುಜರಾತಿ ಶಾಲೆಗೆ ಹೋಗುವ ಮಗಳು ಈ ಸಲ ತಾನೇ ಬೆಳಗಿನ ಸಬರಸ್ ತಂದು ಎಲೆಯ ಮೂಲೆಗೆ ಒಂದು ಚಿಟಿಕೆ ಇಟ್ಟಳು. ಇಬ್ಬರೂ ಸೇರಿ ಮೂರು ಸಲ ಕೂ ಹಾಕಿದೆವು. ಎದುರು ಮಹಡಿಯ ಮಕ್ಕಳು ಪಟಾಕಿ ನಿಲ್ಲಿಸಿ ಕೇಳಿದರು; ನಾಲ್ಕನೆಯ ಕೂ ಅವರದು.

ಮಾರನೆಯ ಬೆಳಿಗ್ಗೆ ಮಗಳು ಹಲ್ಲುಜ್ಜುವ ಮೊದಲೇ ಮೇಲೆ ಓಡಿದಳು. ಇಬ್ಬನಿಗೆ ಒದ್ದೆಯಾದ ಉಪ್ಪನ್ನು ಬೆರಳಿಗೆ ಒತ್ತಿಕೊಂಡು ಮೂಸಿದಳು, ನಾಲಿಗೆಗೂ ಇಟ್ಟಳು.

"ಅಮ್ಮಾ, ಇನ್ನೂ ಮೀಠುಂ."