ನೀರಿನೊಳಗಿನ ಕಲ್ಲು

ಪವಿತ್ರ ಗ್ರಂಥದಲ್ಲಿ ಬಟ್ಟೆ ಒಗೆಯುವ ಮಾತು ಎಷ್ಟು ಕಡೆ ಬರುತ್ತದೆಂಬುದನ್ನು ಗಮನಿಸಿದ್ದೀರಾ? ಬರಲಿರುವ ಪ್ರಭುವನ್ನು ಪ್ರವಾದಿ ಮಲಾಕಿ ಮಡಿವಾಳನ ಸಾಬೂನಿಗೆ ಹೋಲಿಸುತ್ತಾರೆ. ಎಷ್ಟು ಸೋಡಾ ಹಾಕಿ ತೊಳೆದರೂ ಜನರ ಅಪರಾಧದ ಕಲೆ ಉಳಿದೇ ಇದೆಯೆಂದು ಪ್ರವಾದಿ ಯೆರೆಮೀಯ ಮರುಗುತ್ತಾರೆ. ಪ್ರಭುವಿನ ರೂಪಾಂತರವನ್ನು ವರ್ಣಿಸುವಾಗ ಸಂತ ಮಾರ್ಕರಿಗೂ ನೆನಪಾಗುವುದು ಮಡಿವಾಳನೇ. ನೀರಿನ ಬೆಲೆ ಬಲ್ಲ ಒಣನಾಡಿನ ಜನರಿಗೆ ಬಟ್ಟೆ ಬಿಳುಪಾಗುವುದು ಸಣ್ಣ ಸಂಗತಿಯಾಗಿರಲಿಲ್ಲ.

ನಮ್ಮ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯೂ ಅಂಥದೇ ಒಣನಾಡು. ರಾಜ್ಯದಲ್ಲಿಯೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಇವು ಸೇರಿವೆ. ಇಲ್ಲಿನ ಕೊಳವೆಬಾವಿಗಳು ಆಳಕ್ಕಿಳಿದಷ್ಟೂ ನೀರಿನ ರುಚಿ ಬದಲಾಗುತ್ತದೆ. ಬೇಳೆ ಬೇಯದ ನೀರು, ಸಾಬೂನು ನೊರೆಯಾಗದ ನೀರು, ಕಾಯಿಸಿದ ಪಾತ್ರೆಯ ತಳದಲ್ಲಿ ಸುಣ್ಣದಂತೆ ಕಟ್ಟುವ ನೀರು ಎಂದು ನಮ್ಮ ತಾಯಂದಿರು ಅದನ್ನು ಗುರುತಿಸುತ್ತಾರೆ. ಪ್ರಯೋಗಾಲಯದ ವರದಿ ಬರುವ ಮೊದಲೇ ಅವರ ಒಲೆ ಆ ವರದಿಯನ್ನು ಕೊಟ್ಟಿರುತ್ತದೆ.

ವರವು ಕಾವಲ್ ಅಂಚಿನ ಹಳ್ಳಿಯೊಂದರಲ್ಲಿ ನಾನು ಭೇಟಿ ಕೊಡುವ ಕುಟುಂಬವೊಂದಿದೆ. ಆ ಮನೆಯವರು ಕಂತಿನ ಮೇಲೆ ಬಟ್ಟೆ ಒಗೆಯುವ ಯಂತ್ರವೊಂದನ್ನು ಕೊಂಡರು. ಕೂಲಿಗೂ ಹೋಗಿ, ಮನೆಯನ್ನೂ ನೋಡಿಕೊಳ್ಳುವ ಸೊಸೆಯ ಭಾರ ಇಳಿಯಲೆಂಬುದು ಮಗನ ಆಸೆ. ಆದರೆ ತಿಂಗಳು ಕಳೆಯುವುದರೊಳಗೆ ಬಿಳಿ ಅಂಗಿಗಳು ಬೂದಿ ಬಣ್ಣಕ್ಕೆ ತಿರುಗಿದವು. ಟವೆಲ್ಲುಗಳು ಒಣಗಿದ ಮೇಲೆ ತೊಗಟೆಯಂತೆ ಸೆಟೆದು ನಿಂತವು. ಪ್ರಥಮ ಪರಮಪ್ರಸಾದಕ್ಕೆಂದು ಮೊಮ್ಮಗಳಿಗೆ ಹೊಲಿಸಿದ್ದ ಬಿಳಿಯ ಉಡುಪಿನ ಮೇಲೂ ಮಸುಕು ಗೆರೆಗಳು ಮೂಡಿದಾಗ ಮನೆಯಲ್ಲಿ ಮಾತು ಬೆಳೆಯಿತು. ಗಂಡ ಅಂಗಡಿಯವರನ್ನು ಬೈದ. ಅತ್ತೆ ಸೊಸೆಯತ್ತ ತಿರುಗಿ, "ಕೈ ನೆನೆಸದೆ ಬಟ್ಟೆ ಬಿಳುಪಾಗ್ತದೇನವ್ವಾ?" ಎಂದರು. ಸೊಸೆ ಮರುಮಾತಾಡದೆ ಬಟ್ಟೆಗಳನ್ನು ಮತ್ತೆ ಕಲ್ಲಿನ ಬಳಿ ಹೊತ್ತೊಯ್ದಳು. ಕಂತು ಕಟ್ಟುವುದು ಒಂದು ಕಡೆ, ಕಲ್ಲಿಗೆ ಬಡಿಯುವುದು ಇನ್ನೊಂದು ಕಡೆ. ಭಾರ ಇಳಿಸಲು ಬಂದ ಯಂತ್ರ ಅವಳಿಗೆ ಹೊಸದೊಂದು ಭಾರವಾಯಿತು.

ರಿಪೇರಿಗೆ ಬಂದವರಿಬ್ಬರು ಯಂತ್ರ ಸರಿಯಾಗಿದೆಯೆಂದು ಹೇಳಿ ಹೋದರು. ಮೂರನೆಯದಾಗಿ ಬಂದ ಹಿರಿಯ ಮೆಕ್ಯಾನಿಕ್ ಯಂತ್ರವನ್ನು ಮುಟ್ಟುವ ಮೊದಲು ಎರಡು ಬಾಟಲಿ ಕೇಳಿದರು. ಒಂದಕ್ಕೆ ನಲ್ಲಿಯ ನೀರು, ಇನ್ನೊಂದಕ್ಕೆ ನಾಣ್ಯ ಹಾಕಿ ತುಂಬಿಸಿಕೊಂಡು ಬರುವ ಶುದ್ಧ ನೀರಿನ ಘಟಕದ ನೀರು. ಎರಡಕ್ಕೂ ಅಷ್ಟಷ್ಟೇ ಸಾಬೂನಿನ ಚೂರು ಹಾಕಿ ಕುಲುಕಿದರು. ಘಟಕದ ನೀರು ಕತ್ತಿನವರೆಗೆ ನೊರೆಯಾಯಿತು. ನಲ್ಲಿಯ ನೀರಿನಲ್ಲಿ ಒಡೆದ ಹಾಲಿನಂತೆ ಬಿಳಿಯ ಕರಣೆಗಳು ತೇಲಿದವು. "ಅಜ್ಜೀ, ಮಿಷನ್‌ದೂ ತಪ್ಪಲ್ಲ, ನಿಮ್ಮ ಸೊಸೇದೂ ತಪ್ಪಲ್ಲ. ನೀರಿನಾಗೆ ಕಲ್ಲೈತೆ," ಎಂದರು.

ಅವರ ಮಾತು ಅಕ್ಷರಶಃ ನಿಜ. ಬಂಡೆಗಳ ಸಂದಿನಲ್ಲಿ ಬಹುಕಾಲ ನಿಂತ ನೀರು ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳನ್ನು ಕರಗಿಸಿಕೊಂಡಿರುತ್ತದೆ. ಇದೇ ಗಡಸು ನೀರು. ಸಾಬೂನು ಕೊಳೆಯನ್ನು ಹಿಡಿಯುವ ಮೊದಲೇ ಈ ಲವಣಗಳೊಡನೆ ಸೇರಿ ಕರಗದ ಗಸಿಯಾಗುತ್ತದೆ. ಪುಡಿಯ ಶಕ್ತಿಯೂ ಬಹುಪಾಲು ಇವುಗಳನ್ನು ಎದುರಿಸುವುದರಲ್ಲೇ ಮುಗಿದುಹೋಗುತ್ತದೆ. ಕೈಯಿಂದ ಒಗೆಯುವಾಗ ಉಜ್ಜಿ, ಬಡಿದು, ನಾಲ್ಕು ನೀರಿನಲ್ಲಿ ಜಾಲಿಸುವುದರಿಂದ ಆ ಗಸಿ ಬಹಳಷ್ಟು ಹೊರಟುಹೋಗುತ್ತದೆ. ಯಂತ್ರ ಅಳತೆಯ ನೀರನ್ನಷ್ಟೇ ಬಳಸುವುದರಿಂದ ಗಸಿ ಮತ್ತೆ ಬಟ್ಟೆಯ ಎಳೆಗಳಲ್ಲೇ ಕೂರುತ್ತದೆ. ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಮೀರಬಾರದು, ಬೇರೆ ಮೂಲವೇ ಇಲ್ಲದಿದ್ದರೆ 600ರವರೆಗೆ ಸಹಿಸಬಹುದು ಎಂಬುದು ಭಾರತೀಯ ಮಾನಕ ಬ್ಯೂರೋದ ನಿಯಮ.

ಪರಿಹಾರ ಕಷ್ಟವೇನಲ್ಲ. ಯಂತ್ರವನ್ನು ಕುತ್ತಿಗೆಯವರೆಗೆ ತುಂಬದೆ, ಬಟ್ಟೆ ಹೊರಳಾಡಲು ಮೇಲೆ ಒಂದು ಗೇಣು ಜಾಗ ಬಿಡಬೇಕು. ಪುಡಿಗೆ ಮೊದಲು ಸ್ವಲ್ಪ ಬಟ್ಟೆಸೋಡಾ ನೀರಿಗೆ ಬೆರೆಸಿದರೆ ಅದು ಲವಣಗಳನ್ನು ಕಟ್ಟಿಹಾಕುತ್ತದೆ. ರೇಷ್ಮೆಗೂ ಉಣ್ಣೆಗೂ ಮಾತ್ರ ಇದು ಸಲ್ಲದು. ನೀರು ಒಳಬರುವ ಕೊಳವೆಯ ಜಾಲರಿಯಲ್ಲಿ ಕಟ್ಟಿದ ಮರಳನ್ನು ಆಗಾಗ ತೆಗೆಯಬೇಕು. ಎಲ್ಲಕ್ಕಿಂತ ಒಳ್ಳೆಯದು ಮಳೆನೀರು, ಅದರಲ್ಲಿ ಕಲ್ಲಿಲ್ಲ. ನೂರು ಚದರ ಮೀಟರಿನ ಚಾವಣಿಯ ಮೇಲೆ 20 ಮಿಲಿಮೀಟರ್ ಮಳೆ ಸುರಿದರೆ 2,000 ಲೀಟರ್ ನೀರು ಬೀಳುತ್ತದೆ. ನಮ್ಮ ದೇವಾಲಯಗಳ ಚಾವಣಿಗಳು ಅದಕ್ಕಿಂತ ಚಿಕ್ಕವೇನಲ್ಲ.

ಗುರುಗಳಾದ ನಿಮಗೆ ಈ ಯಂತ್ರದ ಗೊಡವೆ ಏಕೆ ಎಂದು ನೀವು ಕೇಳಬಹುದು. ಬಟ್ಟೆ ಒಗೆಯುವ ಯಂತ್ರದ ಆರಂಭದ ಮಾದರಿಗಳಲ್ಲೊಂದನ್ನು 1767ರಲ್ಲಿ ಪ್ರಕಟಿಸಿದವರು ಜರ್ಮನಿಯ ರೇಗೆನ್ಸ್‌ಬುರ್ಗ್ ನಗರದ ಯಾಕೋಬ್ ಕ್ರಿಸ್ಟಿಯಾನ್ ಶೇಫರ್ ಎಂಬ ಪ್ರೊಟೆಸ್ಟಂಟ್ ಬೋಧಕರು. 2009ರ ಮಾರ್ಚ್‌ನಲ್ಲಿ, ಅಂತರರಾಷ್ಟ್ರೀಯ ಮಹಿಳಾ ದಿನದ ಸಂದರ್ಭದಲ್ಲಿ, ವ್ಯಾಟಿಕನ್ನಿನ ದಿನಪತ್ರಿಕೆ 'ಒಸ್ಸೆರ್ವತೋರೆ ರೊಮಾನೋ' ಸ್ತ್ರೀಯರ ಬಿಡುಗಡೆಯಲ್ಲಿ ಈ ಯಂತ್ರದ ಪಾಲನ್ನು ಎತ್ತಿ ಹಿಡಿಯುವ ಲೇಖನವನ್ನೇ ಪ್ರಕಟಿಸಿತು. 2017ರ ಏಪ್ರಿಲ್‌ನಲ್ಲಿ ರೋಮ್ ನಗರದ ಮನೆಯಿಲ್ಲದವರಿಗಾಗಿ ಪೋಪ್ ಫ್ರಾನ್ಸಿಸ್‌ರ ಹೆಸರಿನಲ್ಲಿ ಉಚಿತ ಬಟ್ಟೆ ಒಗೆಯುವ ಕೇಂದ್ರ ತೆರೆಯಿತು. ಆರು ಒಗೆಯುವ ಯಂತ್ರ, ಆರು ಒಣಗಿಸುವ ಯಂತ್ರ. ಶುಭ್ರವಾದ ಅಂಗಿ ಬಡವನ ಮಾನ. ಅದಕ್ಕಾಗಿ ಸವೆಯುವ ಕೈಗಳ ಬಗ್ಗೆ ಧರ್ಮಸಭೆ ಯೋಚಿಸುವುದು ತಕ್ಕದ್ದೇ.

ಆ ಕುಲುಕಿದ ಬಾಟಲಿಯನ್ನು ನೋಡುತ್ತ ಅಜ್ಜಿ ಬಹಳ ಹೊತ್ತು ಸುಮ್ಮನಿದ್ದರಂತೆ. ಆಮೇಲೆ ಬಿರುಕು ಬಿಟ್ಟ ತಮ್ಮ ಅಂಗೈಗಳನ್ನು ತಿರುಗಿಸಿ ನೋಡಿಕೊಂಡು, "ಹಂಗಾದ್ರೆ ನಲವತ್ತು ವರ್ಷ ನಾನು ಉಜ್ಜಿದ್ದು ಬರೀ ಕೊಳೇನಲ್ಲ, ಈ ಕಲ್ಲನ್ನ" ಎಂದರಂತೆ. ಇದನ್ನು ನನಗೆ ಹೇಳಿದವಳು ಸೊಸೆ. ಹೇಳುವಾಗ ಅವಳ ಕಣ್ಣು ತುಂಬಿತ್ತು. ಮೊಮ್ಮಗಳ ಉಡುಪನ್ನು ಅತ್ತೆ ಸೊಸೆಯರು ಘಟಕದಿಂದ ತಂದ ನೀರಿನಲ್ಲಿ ಕೂಡಿಯೇ ಒಗೆದರು.

ಪ್ರಿಯ ಕುಟುಂಬಗಳೇ, ನಮ್ಮ ಮನೆಗಳಲ್ಲಿ ದೂರು ಎಷ್ಟು ಬೇಗ ಹತ್ತಿರದವರ ಮೇಲೆ ಬೀಳುತ್ತದೆ! ಮಗ ದಾರಿ ತಪ್ಪಿದರೆ ಶಾಲೆಯನ್ನು ದೂರುತ್ತೇವೆ, ಧರ್ಮೋಪದೇಶದ ತರಗತಿಯನ್ನು ದೂರುತ್ತೇವೆ, ಕೊನೆಗೆ ತಾಯಿಯನ್ನು ದೂರುತ್ತೇವೆ. ಆದರೆ ಮಗು ದಿನವೂ ಮುಳುಗೇಳುವುದು ಮನೆಯೆಂಬ ನೀರಿನಲ್ಲಿ. ಆ ನೀರಿನಲ್ಲಿ ಹಳೆಯ ಮುನಿಸು, ಜಮೀನಿನ ಜಗಳ, ಊಟದ ಹೊತ್ತಿನ ಚುಚ್ಚುಮಾತು ಕರಗಿಕೊಂಡಿದ್ದರೆ ಅವು ಕಣ್ಣಿಗೆ ಕಾಣುವುದಿಲ್ಲ. ಗಡಸು ನೀರೂ ನೋಡಲು ತಿಳಿಯಾಗಿಯೇ ಇರುತ್ತದೆ. ಪ್ರವಾದಿ ಯೆಜೆಕಿಯೇಲರ ಮೂಲಕ ದೇವರು ಕೊಟ್ಟ ವಾಗ್ದಾನದ ಕ್ರಮವನ್ನು ಗಮನಿಸಿ: ಮೊದಲು ನಿರ್ಮಲ ಜಲದ ಪ್ರೋಕ್ಷಣೆ, ಅನಂತರ ಕಲ್ಲಿನ ಹೃದಯವನ್ನು ತೆಗೆದು ಮಾಂಸದ ಹೃದಯವನ್ನು ಕೊಡುವುದು. ಪಾಪನಿವೇದನೆಗೆ ಬರುವಾಗ ಕಲೆಗಳನ್ನು ಮಾತ್ರವಲ್ಲ, ಕಲೆಯನ್ನು ಹೋಗಗೊಡದ ಈ ಕಲ್ಲನ್ನೂ ಪ್ರಭುವಿನ ಮುಂದಿಡೋಣ.

ಇನ್ನೊಂದು ಮಾತು. ಗಡಸು ನೀರು ಬಟ್ಟೆಯನ್ನು ಕೆಡಿಸುತ್ತದೆ. ನಮ್ಮ ಜಿಲ್ಲೆಯ ಅನೇಕ ಊರುಗಳ ನೀರಿನಲ್ಲಿರುವ ಫ್ಲೋರೈಡ್ ಮಕ್ಕಳ ಹಲ್ಲನ್ನೂ ಹಿರಿಯರ ಮೂಳೆಯನ್ನೂ ಕೆಡಿಸುತ್ತದೆ. ಸೋಡಾ ಅದನ್ನು ತೆಗೆಯಲಾರದು. ಅಮೃತ್ ಮಹಲ್ ದನಗಳು ಮೇಯುತ್ತಿದ್ದ ವರವು ಕಾವಲ್‌ನಲ್ಲಿ 2017ರ ಮೇ 28ರಂದು ರಕ್ಷಣಾ ಸಂಶೋಧನಾ ಸಂಸ್ಥೆಯ ವೈಮಾನಿಕ ಪರೀಕ್ಷಾ ವಲಯ ಉದ್ಘಾಟನೆಯಾಯಿತು. ಚಾಲಕನಿಲ್ಲದ ವಿಮಾನವನ್ನು ಹಾರಿಸಬಲ್ಲ ನಾಡು, ಅದರ ಕೆಳಗಿನ ಹಳ್ಳಿಯ ಕೊಡಕ್ಕೆ ಒಳ್ಳೆಯ ನೀರನ್ನೂ ತುಂಬಿಸಬಲ್ಲದು. ಅದನ್ನು ಕೇಳುವುದು ನಮ್ಮ ಹಕ್ಕು. ನೆರೆಯವರಿಗಾಗಿಯೂ ಕೇಳುವುದು ನಮ್ಮ ಧರ್ಮ. ಪೋಪ್ ಫ್ರಾನ್ಸಿಸ್‌ರು 2015ರ 'ಲೌದಾತೋ ಸಿ' ವಿಶ್ವಪತ್ರದಲ್ಲಿ ಶುದ್ಧ ಕುಡಿಯುವ ನೀರನ್ನು ಮೂಲಭೂತ ಮಾನವ ಹಕ್ಕೆಂದೇ ಕರೆದಿದ್ದಾರೆ.

ಈ ವರ್ಷ ಮುಂಗಾರಿಗೆ ಮುನ್ನ ನಿಮ್ಮ ಕುಡಿಯುವ ನೀರನ್ನು ಒಮ್ಮೆ ಪರೀಕ್ಷೆಗೆ ಕೊಡಿ. ಚಾವಣಿಯ ದೋಣಿಯನ್ನು ಗುಡಿಸಿ, ಅದರ ಕೆಳಗೊಂದು ತೊಟ್ಟಿ ಕಟ್ಟಿ. ಮನೆಯ ಗಂಡಸರೇ, ಅದರ ಮೊದಲ ನೀರಿನಲ್ಲಿ ಒಂದು ದಿನ ನೀವೇ ಬಟ್ಟೆ ಒಗೆಯಿರಿ. ಶಿಷ್ಯರ ಪಾದ ತೊಳೆಯಲು ಸೊಂಟಕ್ಕೆ ವಸ್ತ್ರ ಕಟ್ಟಿಕೊಂಡ ಪ್ರಭು ನಿಮ್ಮ ಮನೆಗಳನ್ನು ಆಶೀರ್ವದಿಸಲಿ.