ಜೋಡಿ ತಂತಿ

ನನ್ನ ಗಿಟಾರಿನಲ್ಲಿ ಪದೇ ಪದೇ ತುಂಡಾಗುವುದು ಒಂದೇ ತಂತಿ. ಮೇಲಿನಿಂದ ನಾಲ್ಕನೆಯ ಜೋಡಿಯಲ್ಲಿ, ದಪ್ಪ ಜಿ ತಂತಿಯ ಮಗ್ಗುಲಿಗೆ ಕೂದಲೆಳೆಯಂತೆ ಬಿಗಿದಿರುವ ಸಣ್ಣ ಜಿ. ಅದು ಹೋದ ಸಂಜೆ ವಾದ್ಯವೇ ಸಪ್ಪೆಯಾಗಿಬಿಡುತ್ತದೆ. ಉಳಿದ ಹನ್ನೊಂದು ತಂತಿಗಳು ನೆಟ್ಟಗೇ ಇದ್ದರೂ ನಡುಮನೆಯ ದೀಪ ಆರಿಸಿದ ಹಾಗೆ.

ಹನ್ನೆರಡು ತಂತಿಯ ಗಿಟಾರ್ ಅಂದರೆ ಆರು ಜೋಡಿ. ಕೆಳದನಿಯ ನಾಲ್ಕು ಜೋಡಿಗಳಲ್ಲಿ ಒಂದು ತಂತಿ ಎಂದಿನ ಸ್ವರದಲ್ಲಿರುತ್ತದೆ, ಅದರ ಜೊತೆಯದು ಒಂದು ಸ್ಥಾಯಿ ಮೇಲೆ. ಮೇಲುದನಿಯ ಎರಡು ಜೋಡಿಗಳಲ್ಲಿ ಎರಡಕ್ಕೂ ಒಂದೇ ಸ್ವರ. ಆರು ತಂತಿಯ ಗಿಟಾರಿನಲ್ಲಿ ಎಲ್ಲಕ್ಕಿಂತ ಎತ್ತರದ ದನಿ ಕೊನೆಯ ಇ ತಂತಿಯದು, ಸೆಕೆಂಡಿಗೆ ಸುಮಾರು 330 ಕಂಪನ. ಇಲ್ಲಿ ಈ ಸಣ್ಣ ಜಿ 392ಕ್ಕೆ ಏರಿ ಅದನ್ನೂ ದಾಟುತ್ತದೆ. ಹೀಗಾಗಿ ವಾದ್ಯದ ಅತಿ ಎತ್ತರದ ದನಿ ಅದರ ನಡುಮಧ್ಯದಲ್ಲಿ ಕೂತಿದೆ. ಮೇಲಿನಿಂದ ಕೆಳಕ್ಕೆ ಒಮ್ಮೆ ಕೈಯಾಡಿಸಿ ನೋಡಿ: ಸ್ವರಗಳು ಮೆಟ್ಟಿಲು ಹತ್ತಿದಂತೆ ಸಾಲಾಗಿ ಬರುವುದಿಲ್ಲ, ಬಿಸಿಲುಮಳೆಯ ಹನಿಗಳಂತೆ ಒಟ್ಟಿಗೆ ಮಿನುಗುತ್ತವೆ.

ಈ ಮಿನುಗನ್ನು ನಾನು ಮೊದಲು ಕೇಳಿದ್ದು ಮೈಸೂರಿನ ನಮ್ಮ ಮನೆಯಲ್ಲಿ, ಗೆಳೆಯನೊಬ್ಬ ಕೊಟ್ಟ ಕ್ಯಾಸೆಟ್ಟಿನಲ್ಲಿ. ಹಾಡು ಬಾಬ್ ಡಿಲನ್ ಬರೆದದ್ದು, ಹಾಡಿದವರು ಅಮೆರಿಕದ ಬರ್ಡ್ಸ್ ತಂಡ: ‘ಮಿಸ್ಟರ್ ಟ್ಯಾಂಬೊರೀನ್ ಮ್ಯಾನ್’. ಪಕ್ಕದ ಕೋಣೆಯಲ್ಲಿ ತಂಬೂರಿ ಒರೆಸುತ್ತಿದ್ದ ಅತ್ತೆ ಬಟ್ಟೆ ಕೈಯಲ್ಲಿ ಹಿಡಿದೇ ಬಾಗಿಲಿಗೆ ಬಂದರು.

“ಏನೋ ಇದು? ಜೋಡಿ ತಂತಿ ಹಾಕಿದಾರೆ ಅಲ್ವೇನೋ?”

“ಹೌದತ್ತೆ, ಹನ್ನೆರಡು ತಂತಿ ಗಿಟಾರು.”

“ಅದೇ ಅಂದ್ಕೊಂಡೆ. ಸಾರಣಿ, ಅನುಸಾರಣಿ ಸೇರಿದಾಗ ಹೀಗೇ ಜುಂ ಅನ್ನುತ್ತೆ.”

ಅವರಿಗೆ ರಾಕ್ ಸಂಗೀತದ ಗಂಧವಿರಲಿಲ್ಲ, ಆದರೆ ಕಿವಿ ತಪ್ಪಲಿಲ್ಲ. ಸಾರಣಿ, ಅನುಸಾರಣಿ ಎಂಬ ತಂಬೂರಿಯ ನಡುವಿನ ಎರಡು ತಂತಿಗಳು ಒಂದೇ ಷಡ್ಜ, ಕೊನೆಯ ಮಂದರ ಅವಕ್ಕಿಂತ ಒಂದು ಸ್ಥಾಯಿ ಕೆಳಗೆ. ಹನ್ನೆರಡು ತಂತಿಯ ಗಿಟಾರಿನಲ್ಲಿರುವುದೂ ಈ ಎರಡೇ ನೆಂಟಸ್ತಿಕೆ, ಸಮಸ್ವರ ಮತ್ತು ಸ್ಥಾಯಿ. ಕಡಲಾಚೆ ಹುಟ್ಟಿದ ವಾದ್ಯವೊಂದು ಮೊದಲ ದಿನವೇ ನನಗೆ ಹಳೆಯ ಪರಿಚಯದಂತೆ ಅನ್ನಿಸಿದ್ದು ಇದಕ್ಕೇ ಇರಬೇಕು.

ಎರಡು ತಂತಿಗಳನ್ನು ಎಷ್ಟೇ ಜತನದಿಂದ ಶ್ರುತಿ ಮಾಡಿದರೂ ಅವು ಪೂರ್ತಿ ಒಂದಾಗುವುದಿಲ್ಲ. ಒಂದು ಸೆಕೆಂಡಿಗೆ 440 ಸಲ ಕಂಪಿಸಿ ಇನ್ನೊಂದು 441 ಸಲ ಕಂಪಿಸಿದರೆ, ದನಿ ಸೆಕೆಂಡಿಗೊಮ್ಮೆ ಉಬ್ಬಿ ಇಳಿಯುತ್ತದೆ. ಫ್ರೆಟ್ಟಿನ ಮೇಲೆ ಬೆರಳು ಒತ್ತಿದಾಗ ದಪ್ಪ ತಂತಿ ಒಂದಿಷ್ಟು ಏರಿದರೆ ತೆಳು ತಂತಿ ಬೇರೊಂದಿಷ್ಟು ಏರುತ್ತದೆ. ಆರೂ ಜೋಡಿಗಳು ತಮ್ಮ ತಮ್ಮ ಲೆಕ್ಕದಲ್ಲಿ ಉಸಿರಾಡುತ್ತವೆ. ಆರು ತಂತಿಯ ಗಿಟಾರಿಗೆ ಇದೇ ಗುಣ ಕೊಡಲೆಂದು ಕೋರಸ್ ಪೆಡಲ್ ಎಂಬ ಯಂತ್ರವಿದೆ, ನಾನೂ ಬಳಸಿದ್ದೇನೆ. ಅದರ ಅಲೆ ಎಲ್ಲ ಸ್ವರಕ್ಕೂ ಒಂದೇ ಸಮ ಬಂದು ಹೋಗುತ್ತದೆ. ನಿಜವಾದ ಜೋಡಿ ತಂತಿ ಕೇಳಿದ ಕಿವಿಗೆ ಅದು ಸಾಲದು.

ವಾದ್ಯ ರಾಕ್‌ಗಿಂತ ಹಳೆಯದು. ಲೂಸಿಯಾನಾದ ಹಡಿ ಲೆಡ್‌ಬೆಟರ್, ಜನ ಕರೆದದ್ದು ಲೆಡ್ ಬೆಲಿ ಎಂದು, ತನ್ನ ಸ್ಟೆಲ್ಲಾ ಗಿಟಾರಿನ ತಂತಿಗಳನ್ನು ಬಹಳ ಕೆಳಗಿಳಿಸಿ ನುಡಿಸುತ್ತಿದ್ದ. ಹನ್ನೆರಡು ತಂತಿಗಳ ಎಳೆತ ನೂರು ಕಿಲೋ ದಾಟುತ್ತದೆ, ಮರ ಬಾಗಬಹುದು. ಇಳಿಸುವುದು ಅದಕ್ಕೂ ಒಳ್ಳೆಯದು. 1933ರಲ್ಲಿ ಜಾನ್ ಲೋಮ್ಯಾಕ್ಸ್ ಅವನನ್ನು ಧ್ವನಿಮುದ್ರಿಸಿಕೊಂಡಾಗ ಅವನು ಅಂಗೋಲಾ ಜೈಲಿನ ಕೈದಿ. ಆ ದನಿಯಲ್ಲಿ ಒಬ್ಬನೇ ಮನುಷ್ಯ ಒಂದು ತಂಡವನ್ನು ಎಳೆದೊಯ್ಯುತ್ತಾನೆ.

ರಾಕ್‌ಗೆ ಅದು ಬಂದ ಬಗೆಯನ್ನು ನೆನೆದಾಗಲೆಲ್ಲ ಖುಷಿಯಾಗುತ್ತದೆ. ಫೆಬ್ರವರಿ 1964, ಬೀಟಲ್ಸ್ ಮೊದಲ ಸಲ ನ್ಯೂಯಾರ್ಕಿಗೆ ಬಂದಿದ್ದಾರೆ. ಜಾರ್ಜ್ ಹ್ಯಾರಿಸನ್ ಹುಷಾರಿಲ್ಲದೆ ಹೋಟೆಲಿನಲ್ಲಿ ಮಲಗಿದ್ದಾನೆ. ರಿಕೆನ್‌ಬ್ಯಾಕರ್ ಕಂಪನಿಯವರು ಆಗಷ್ಟೇ ಮಾಡಿದ್ದ ಹನ್ನೆರಡು ತಂತಿಯ ಎಲೆಕ್ಟ್ರಿಕ್ ಗಿಟಾರೊಂದು ಅವನ ಕೈ ಸೇರುತ್ತದೆ. ಆರು ಬಿರಡೆಗಳು ಎಂದಿನಂತೆ ಪಕ್ಕಕ್ಕೆ ಚಾಚಿದ್ದರೆ ಇನ್ನಾರು ಹಿಂದಕ್ಕೆ ತಿರುಗಿದ್ದವು, ಯಾವ ತಂತಿಗೆ ಯಾವ ಬಿರಡೆ ಎಂಬ ಗೊಂದಲವಿಲ್ಲ. ಇನ್ನೊಂದು ಮಾರ್ಪಾಡು ನನಗೆ ಹೆಚ್ಚು ಮುಖ್ಯ: ಬೇರೆ ಗಿಟಾರುಗಳಲ್ಲಿ ಕೈ ಇಳಿಸುವಾಗ ಮೊದಲು ಸಿಗುವುದು ತೆಳು ತಂತಿ, ಇದರಲ್ಲಿ ದಪ್ಪ ತಂತಿ. ಮೊದಲು ಮೈ, ಆಮೇಲೆ ಹೊಳಪು. ಅದೇ ಏಪ್ರಿಲ್ 16ರಂದು ‘ಎ ಹಾರ್ಡ್ ಡೇಸ್ ನೈಟ್’ ಹಾಡಿನ ಆರಂಭದ ಆ ಒಂದು ಸ್ವರಮೇಳ ಮುದ್ರಣವಾಯಿತು. ಅದರೊಳಗೆ ಏನೇನು ಸ್ವರಗಳಿವೆ ಎಂದು ಗಣಿತಜ್ಞರೂ ಲೆಕ್ಕ ಹಾಕಿ ನೋಡಿದ್ದಾರೆ.

ಬೀಟಲ್ಸ್ ತಂಡದ ಅದೇ ಹೆಸರಿನ ಸಿನಿಮಾ ನೋಡಿದ ಜಾನಪದ ಗಾಯಕನೊಬ್ಬ ಹೋಗಿ ಅಂಥದ್ದೇ ಗಿಟಾರು ಕೊಂಡ. ಮುಂದೆ ರೋಜರ್ ಮೆಗ್ವಿನ್ ಎಂದು ಹೆಸರಾದ ಆತ ಬ್ಯಾಂಜೊ ಕಲಿತವನು. ಬ್ಯಾಂಜೊದವರ ಹಾಗೆ ಬೆರಳಿಗೆ ಲೋಹದ ಪಿಕ್ ತೊಟ್ಟು ತಂತಿಗಳನ್ನು ಬಿಡಿಬಿಡಿಯಾಗಿ ಮೀಟಿದ. ರಿಕೆನ್‌ಬ್ಯಾಕರಿನ ನಾದ ಮೀಟಿದ ಕೂಡಲೇ ಸಾಯುವ ಜಾತಿಯದು. ಸ್ಟುಡಿಯೋದಲ್ಲಿ ಅದನ್ನು ಕಂಪ್ರೆಸರ್‌ನಿಂದ ಒತ್ತಿ ಹಿಡಿದಾಗ ಅದು ಎಳೆಯಾಗಿ ನಿಂತಿತು. ಜನವರಿ 1965ರಲ್ಲಿ ಹಾಲಿವುಡ್ಡಿನಲ್ಲಿ ಮುದ್ರಿಸಿದ ‘ಮಿಸ್ಟರ್ ಟ್ಯಾಂಬೊರೀನ್ ಮ್ಯಾನ್’ ಹಾಡಿನಲ್ಲಿ ವಾದ್ಯ ನುಡಿಸಿದ ಬರ್ಡ್ಸ್ ಸದಸ್ಯ ಮೆಗ್ವಿನ್ ಒಬ್ಬನೇ, ಉಳಿದವರು ಬಾಡಿಗೆ ಕಲಾವಿದರು. ನಮ್ಮತ್ತೆಯನ್ನು ಬಾಗಿಲಿಗೆ ಎಳೆದು ತಂದ ಮೊದಲ ಹತ್ತು ಸೆಕೆಂಡು ಅವನದು. ವರ್ಷ ಮುಗಿಯುವುದರೊಳಗೆ ಹ್ಯಾರಿಸನ್, ಬರ್ಡ್ಸ್ ತಂಡದ ಮೀಟನ್ನೇ ಮಾದರಿಯಾಗಿಟ್ಟುಕೊಂಡು ‘ಇಫ್ ಐ ನೀಡೆಡ್ ಸಮ್‌ವನ್’ ಬರೆದ. ರವಿಶಂಕರರ ಸಿತಾರಿನ ಬಗ್ಗೆ ಅವನ ಕಿವಿಗೆ ಹಾಕಿದವರಲ್ಲೂ ಬರ್ಡ್ಸ್ ಹುಡುಗರಿದ್ದರು. ಸಿತಾರಿನ ತರಬ್ ತಂತಿಗಳ ಗುಂಗು, ಜೋಡಿ ತಂತಿಯ ಮಿನುಗು: ಒಂದಕ್ಕೆ ಸೋತ ಕಿವಿ ಇನ್ನೊಂದಕ್ಕೆ ಸೋಲದೆ ಇರಲಾರದು.

ಆದರೂ ಈ ವಾದ್ಯಕ್ಕೆ ರಾಕ್‌ನಲ್ಲಿ ನಾಯಕನ ಪಟ್ಟ ಸಿಗಲಿಲ್ಲ. ರಾಕ್ ಗಿಟಾರಿನ ವೀರಾವೇಶವೆಲ್ಲ ಇರುವುದು ತಂತಿಯನ್ನು ಪಕ್ಕಕ್ಕೆ ಎಳೆದು ಸ್ವರವನ್ನು ಜಾರಿಸುವುದರಲ್ಲಿ. ಜೋಡಿ ತಂತಿಯನ್ನು ಹಾಗೆ ಎಳೆದರೆ ಎರಡೂ ಒಂದೇ ಅಳತೆಗೆ ಏರುವುದಿಲ್ಲ, ದನಿ ಒಡೆಯುತ್ತದೆ. ಲೆಡ್ ಜೆಪೆಲಿನ್‌ನ ಜಿಮ್ಮಿ ಪೇಜ್ ‘ಸ್ಟೇರ್‌ವೇ ಟು ಹೆವನ್’ ಅನ್ನು ವೇದಿಕೆಯಲ್ಲಿ ನುಡಿಸುತ್ತಿದ್ದುದು ಗಿಬ್ಸನ್‌ನ ಎರಡು ಕತ್ತಿನ ಗಿಟಾರಿನಲ್ಲಿ, ಮೇಲಿನದಕ್ಕೆ ಹನ್ನೆರಡು ತಂತಿ, ಕೆಳಗಿನದಕ್ಕೆ ಆರು. ಸೋಲೋ ಬಂದಾಗ ಅವನ ಕೈ ಕೆಳಗಿನ ಕತ್ತಿಗೆ ಇಳಿಯುತ್ತದೆ. ‘ಹೋಟೆಲ್ ಕ್ಯಾಲಿಫೋರ್ನಿಯಾ’ ನುಡಿಸುವಾಗ ಈಗಲ್ಸ್ ತಂಡದ ಡಾನ್ ಫೆಲ್ಡರ್ ಮಾಡಿದ್ದೂ ಅದನ್ನೇ. ನನ್ನ ಗೆಳೆಯರೆಲ್ಲ ಕಾಯುತ್ತಿದ್ದುದು ಆ ಕ್ಷಣಕ್ಕೆ. ನನಗೆ ಮಾತ್ರ ಆಗ ಏನೋ ಕಳೆದುಕೊಂಡಂತಾಗುತ್ತದೆ. ಅಲ್ಲಿಯವರೆಗೆ ಹಾಡು ಎಲ್ಲರದಾಗಿತ್ತು, ಈಗ ಒಬ್ಬನದಾಯಿತು.

ಪಿಂಕ್ ಫ್ಲಾಯ್ಡ್ 1975ರಲ್ಲಿ ಮಾಡಿದ ‘ವಿಶ್ ಯೂ ವರ್ ಹಿಯರ್’ನಲ್ಲಿ ಹಾಗಾಗುವುದಿಲ್ಲ. ಮೊದಲು ಹನ್ನೆರಡು ತಂತಿಯ ಗಿಟಾರು ಕೇಳುತ್ತದೆ, ಹಳೆಯ ರೇಡಿಯೋದಿಂದ ಬಂದಂತೆ ಸಣ್ಣಗೆ, ದೂರದಿಂದ. ಆಮೇಲೆ ಕೋಣೆಯೊಳಗೇ ಯಾರೋ ಆರು ತಂತಿಯ ಗಿಟಾರು ಎತ್ತಿಕೊಂಡು ಅದಕ್ಕೆ ಜೊತೆ ನುಡಿಸತೊಡಗುತ್ತಾರೆ. ಹತ್ತಿರದ ದನಿ ಎಷ್ಟು ತುಂಬಿಕೊಂಡರೂ ದೂರದ್ದು ನಿಲ್ಲುವುದಿಲ್ಲ. ಹೊಸ ಜಿ ತಂತಿ ಹಾಕಿದ ರಾತ್ರಿ ನಾನು ಈ ಹಾಡು ಹಾಕಿ, ಆ ರೇಡಿಯೋದೊಳಗಿನ ಗಿಟಾರಿಗೆ ನನ್ನದನ್ನು ಶ್ರುತಿ ಸೇರಿಸಲು ಕೂರುತ್ತೇನೆ.